ಎರಡಾಗದ ಬೀಜ

ಸೌಟು ನಿಲ್ಲಿಸುವ ಹಾಗಿರಲಿಲ್ಲ. ಕರಗಿದ ಚಾಕೊಲೇಟು ಮೂವತ್ಮೂರು ಡಿಗ್ರಿಗೆ ಇಳಿದಿತ್ತು. ಇನ್ನೆರಡು ಡಿಗ್ರಿ ಇಳಿಯುವವರೆಗೆ ಒಂದೇ ಹದದಲ್ಲಿ ತಿರುವುತ್ತಿರಬೇಕು, ಇಲ್ಲವಾದರೆ ನಾಳೆ ತುಂಡುಗಳ ಮೇಲೆ ಬೂದಿ ಬಳಿದಂತೆ ಬಿಳಿ ಮಚ್ಚೆ ಏಳುತ್ತದೆ. ಅದೇ ಹೊತ್ತಿಗೆ ಫ್ರಿಜ್ಜಿನ ಮೇಲೆ, ಮಾವನವರ ಮಾತ್ರೆ ಡಬ್ಬಿಗೆ ಒರಗಿಸಿಟ್ಟಿದ್ದ ಫೋನು ಬಡಿದುಕೊಳ್ಳತೊಡಗಿತು. ರಾಗಿಣಿ ಕೈ ನಿಲ್ಲಿಸದೆ ಕತ್ತು ಮಾತ್ರ ತಿರುಗಿಸಿದಳು. ಶೋಭಾರಾಣಿ ಮೇಡಂ, ಕೆಂಗೇರಿ. ಎರಡು ಹೆಜ್ಜೆ ಇಟ್ಟು ಕೈ ಚಾಚಿದರೆ ಸಿಗುವ ಫೋನು. ಹನ್ನೊಂದು ದಿನದಿಂದ ಕಾದಿದ್ದ ಕರೆ. ಆದರೆ ಅವಳು ಮಡಿಯಲ್ಲಿದ್ದಳು.

ಬೆಳಗಿನ ಆರಕ್ಕೆ ಸ್ನಾನ ಮುಗಿಸಿ, ಗಳುವಿನ ಮೇಲೆ ಯಾರ ಕೈಯೂ ತಾಗದೆ ಒಣಗಿದ್ದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡ ಮೇಲೆ, ಬಸವೇಶ್ವರನಗರದ ಆ ಮನೆಯಲ್ಲಿ ಹೆಂಗಸಿನ ಕೈಗೆ ಒಲೆ, ಪಾತ್ರೆ, ದೇವರ ಸಾಮಾನು ಬಿಟ್ಟರೆ ಬೇರೇನೂ ಸಲ್ಲದು. ಸ್ನಾನವಾಗದ ಮನುಷ್ಯರನ್ನು ಮುಟ್ಟುವ ಹಾಗಿಲ್ಲ. ಬಸ್ಸು, ಬ್ಯಾಗು, ಬಾಗಿಲ ಚಿಲಕ ಎಲ್ಲವನ್ನೂ ಮುಟ್ಟಿ ಬಂದ ಫೋನನ್ನಂತೂ ಇಲ್ಲವೇ ಇಲ್ಲ. ಮುಟ್ಟಿದರೆ ಯಾರೂ ಬೈಯುವುದಿಲ್ಲ. ಬೈಯುವವರಾಗಿದ್ದರೆ ಎಷ್ಟೋ ಸುಲಭವಿತ್ತು. ಅತ್ತೆ ತುಂಗಾ ಒಂದು ಮಾತೂ ಆಡದೆ ಪಾತ್ರೆಯಲ್ಲಿದ್ದದ್ದನ್ನು ಕೆಲಸದವಳಿಗೆ ಕೊಟ್ಟು, ತಮ್ಮ ನೋಯುವ ಮಂಡಿಯನ್ನು ಎಳೆದುಕೊಂಡು ತಾವೇ ಮತ್ತೆ ಸ್ನಾನಕ್ಕೆ ಹೋಗುತ್ತಾರೆ, ಅಷ್ಟೆ.

ಮಾವ ಚಕ್ರಪಾಣಿ ಪೇಪರು ಹಿಡಿದೇ ಅಡುಗೆಮನೆಯ ಹೊಸ್ತಿಲಿನ ತನಕ ಬಂದರು, ಅವಳ ಕೈಯನ್ನು ನೋಡಿದರು, ಫೋನನ್ನು ನೋಡಿದರು, ಸೊಸೆಗೆ ತೊಂದರೆಯಾಗಬಾರದೆಂದು ಫೋನನ್ನು ತಾವೇ ಎತ್ತಿಕೊಂಡರು. ಟ್ರಂಕ್ ಕಾಲ್ ಕಾಲದಲ್ಲಿ ಕಲಿತ ಜೋರು ದನಿ ಅವರದು. ಅವಳು ಮಡಿಯಲ್ಲಿದ್ದಾಳೆ ಎಂದರು. ಬಿಟ್ಟು ಬರುವಂಥ ಕೆಲಸವಲ್ಲ ಎಂದರು. ಸೋಮವಾರವೇ, ಸೋಮವಾರ ಹೇಗೆ ಸಾಧ್ಯ ಎಂದು ಕೇಳಿದರು. ಆಮೇಲೆ ತುಂಬ ಮರ್ಯಾದೆಯಿಂದ ನಮಸ್ಕಾರ ಹೇಳಿ ಇಟ್ಟರು.

"ಸೋಮವಾರ ಹತ್ತು ಗಂಟೆಗೆ ಬರ್ತಾರಾ ಅಂತ ಕೇಳಿದ್ರು. ಆಗಲ್ಲ ಅಂದೆ," ಎಂದರು ಚಕ್ರಪಾಣಿ. "ನಿನಗ್ಯಾಕಮ್ಮ ಅಲೆದಾಟ? ಡಬ್ಬಿ ಬೇಕಾದೋರು ಅವರೇ ಬಂದು ತಗೊಂಡು ಹೋಗ್ಲಿ."

"ಅದು ಡಬ್ಬಿಗಲ್ಲ ಮಾವ," ಎನ್ನುವಷ್ಟರಲ್ಲಿ ಥರ್ಮಾಮೀಟರಿನ ಪಾದರಸ ಮೂವತ್ತೊಂದಕ್ಕೆ ಬಂದು ನಿಂತಿತು. ಈ ಗಳಿಗೆ ದಾಟಿದರೆ ಮತ್ತೆ ಮೊದಲಿಂದ. ರಾಗಿಣಿ ಮಾತು ನುಂಗಿ, ತುಪ್ಪ ಸವರಿದ ತಟ್ಟೆಗಳಿಗೆ ಚಾಕೊಲೇಟು ಸುರಿದಳು. ಸುರಿದು ತಟ್ಟೆ ತಟ್ಟಿ ಸಮ ಮಾಡಿ ತಲೆಯೆತ್ತಿದಾಗ ಹೊಸ್ತಿಲಲ್ಲಿ ಯಾರೂ ಇರಲಿಲ್ಲ.

ಶುರುವಾದದ್ದು ಆಷಾಢದಲ್ಲಿ. ಚಕ್ರಪಾಣಿಯವರು ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಅಂಟಿಕೊಂಡ ಮೇಲೂ ಊಟದ ಕೊನೆಗೆ ಬಾಯಿಗೊಂದು ಸಿಹಿ ಬೀಳದಿದ್ದರೆ ಊಟವೇ ಆಗಲಿಲ್ಲವೆಂದು ಚಡಪಡಿಸುತ್ತಿದ್ದರು. ಬೀರುವಿನಲ್ಲಿ ಹಳೆಯ ಪಂಚಾಂಗಗಳ ಹಿಂದೆ ಬರ್ಫಿಯ ಪೊಟ್ಟಣ ಸಿಕ್ಕ ದಿನ ತುಂಗಾ ಗಂಡನ ಜೊತೆ ಎರಡು ದಿನ ಮಾತು ಬಿಟ್ಟರು. ಆ ಮೌನ ಮುರಿಯಲಿ ಎಂದಷ್ಟೇ ರಾಗಿಣಿ ಗೆಳತಿ ಶಿವಾನಿಯಿಂದ ಪುತ್ತೂರಿನ ಒಂದು ಸೇರು ಕೋಕೋ ಬೀಜ ತರಿಸಿದಳು. ಹುರಿದಳು, ಸಿಪ್ಪೆ ಒಡೆದು ಮೊರದಲ್ಲಿ ಕೇರಿದಳು, ಇಡ್ಲಿ ರುಬ್ಬುವ ಗ್ರೈಂಡರಿನಲ್ಲಿ ಹನಿ ನೀರಿಲ್ಲದೆ ಐದು ಗಂಟೆ ತಿರುಗಿಸಿದಳು. ಬೀಜ ತನ್ನ ಎಣ್ಣೆಯಲ್ಲೇ ತಾನು ಕರಗಿ ಕಪ್ಪಗೆ ಹರಿಯಿತು. ಸಕ್ಕರೆಯ ಬದಲು ಉತ್ತುತ್ತೆಯ ಪುಡಿ, ಹಾಲಿನ ಪುಡಿಯ ಬದಲು ರಾಗಿ ಹುರಿಹಿಟ್ಟು, ಮೇಲಿಷ್ಟು ಬಾದಾಮಿ, ಏಲಕ್ಕಿ. ಕಹಿಯ ಹಿಂದೆ ಮೆಲ್ಲಗೆ ಬರುವ ಸಿಹಿ. ಚಕ್ರಪಾಣಿ ಒಂದು ತುಂಡನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತರು. ಕಣ್ಣು ತೆರೆದಾಗ ಹೆಂಡತಿಯ ಕಡೆ ನೋಡಿ ನಕ್ಕರು. ತುಂಗಾ ಕೂಡ ನಕ್ಕರು. ಆ ನಗು ರಾಗಿಣಿಗೆ ದುಬಾರಿಯಾಯಿತು.

ಆ ಮನೆಯಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳೂ ವ್ರತ. ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಎರಡು ಹೋಳಾಗುವ ಯಾವ ಕಾಳೂ ಇಲ್ಲ. ಹಾಲು ಬಿಡುವ ತಿಂಗಳು ಬಂದದ್ದೇ ತುಂಗಾ ಅವರ ಭಜನಾ ಮಂಡಳಿಯ ಹೆಂಗಸರಿಗೆ ಪೇಡೆಯೂ ಇಲ್ಲ, ಪಾಯಸವೂ ಇಲ್ಲ. ಹಾಲಿಲ್ಲದ, ಸಕ್ಕರೆಯಿಲ್ಲದ, ಮೇಲಾಗಿ ಮಡಿಯಲ್ಲಿ ಮಾಡಿದ ಚಾಕೊಲೇಟು ಒಂದಿದೆ ಎಂಬ ಸುದ್ದಿ ಶಂಕರಮಠದಿಂದ ವಿಜಯನಗರದವರೆಗೆ ಹಬ್ಬಿತು. ವಾರಕ್ಕೆ ನಲವತ್ತು ಡಬ್ಬಿ. ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಕುಂಕುಮ ಹಚ್ಚಿ, ಎಲೆಯಡಿಕೆಯ ಜೊತೆ ರವಿಕೆ ಕಣ ಕೊಟ್ಟು, ಅದೃಷ್ಟವಂತೆ ನಮ್ಮ ತುಂಗಾ, ಎಂಥ ಸೊಸೆ ಎಂದು ಹೇಳಿ ಹೋಗುತ್ತಿದ್ದರು. ರಾಗಿಣಿಯ ಬೀರುವಿನಲ್ಲಿ ಅರವತ್ತಕ್ಕೂ ಮಿಕ್ಕಿ ರವಿಕೆ ಕಣಗಳು ಮಡಿಕೆ ಮುರಿಯದೆ ಬಿದ್ದಿದ್ದವು.

ಡಬ್ಬಿ ಹಂಚುವುದು ಚಕ್ರಪಾಣಿಯವರ ಕೆಲಸ. ಮತ್ತೆ ಅಂಚೆಯವನಾದೆ ಎಂದು ಹಿಗ್ಗಿ ಕೈಚೀಲ ಹಿಡಿದು ಮನೆಮನೆಗೆ ನಡೆದೇ ಹೋಗುತ್ತಿದ್ದರು. ಮೂರು ವಾರವಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿತ್ತು. ಏನು ಮಾಡುತ್ತಿದ್ದೀರೋ ಅದನ್ನೇ ಮಾಡುತ್ತಿರಿ ಎಂದರು ಡಾಕ್ಟರು. ಇಳಿಸಿದ್ದು ದಿನಕ್ಕೆ ಆರು ಕಿಲೋಮೀಟರು ನಡಿಗೆ ಎಂದು ರಾಗಿಣಿಗೆ ಗೊತ್ತಿತ್ತು, ಹೇಳಿಯೂ ನೋಡಿದಳು. ಮನೆಯವರಿಗೆ ಅದು ಅವಳ ವಿನಯವಾಗಿ ಕೇಳಿಸಿತು. ಅಲ್ಲಿಂದ ಚಾಕೊಲೇಟು ತಿಂಡಿಯಾಗಿ ಉಳಿಯಲಿಲ್ಲ, ಮಾವನ ಪ್ರಾಣವಾಯಿತು. ಪ್ರಾಣವನ್ನು ಯಾರಾದರೂ ಅರ್ಧಕ್ಕೆ ನಿಲ್ಲಿಸುತ್ತಾರೆಯೇ?

ಮದುವೆಗೆ ಮುಂಚೆ ರಾಗಿಣಿ ತುಮಕೂರಿನ ಕಾಲೇಜೊಂದರಲ್ಲಿ ನಾಲ್ಕು ವರ್ಷ ಸಸ್ಯಶಾಸ್ತ್ರ ಕಲಿಸಿದ್ದಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೆಲಸಕ್ಕೆ ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಅತ್ತೆಯ ಮಂಡಿ ಆಪರೇಷನ್ ಆಗಲಿ ಎಂದರು. ಆಮೇಲೆ ಕೊರೋನ ಹೋಗಲಿ ಎಂದರು. ಆಮೇಲೆ ಮಾವನ ಸಕ್ಕರೆ ಒಂದು ಹದಕ್ಕೆ ಬರಲಿ ಎಂದರು. ಏಳು ವರ್ಷ ಹೀಗೆ ಒಂದೊಂದೇ 'ಆಮೇಲೆ'ಯ ಬಾಗಿಲಲ್ಲಿ ನಿಂತು ಕಾದವಳಿಗೆ ಈ ಬಾರಿ ಕೆಂಗೇರಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಖಚಿತಪಡಿಸುವ ಕರೆಯೊಂದು ಬಂದರೆ ದಸರಾ ರಜೆ ಮುಗಿದ ಸೋಮವಾರ ಹಾಜರಾಗಬೇಕು. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಕೆಂಗೇರಿ ಎಷ್ಟು ಹೊತ್ತು ಎಂದು ಎರಡು ಸಲ ಹೋಗಿಬಂದು ಗಡಿಯಾರ ನೋಡಿದ್ದಳು.

ಮಡಿ ಮುಗಿದದ್ದು ಮಧ್ಯಾಹ್ನ ಒಂದಕ್ಕೆ. ಟೆರೇಸಿಗೆ ಹೋಗಿ, ಒಣಗಿದ ಸೀರೆಗಳ ಮಧ್ಯೆ ನಿಂತು ಫೋನು ಮಾಡಿದಳು. ಶೋಭಾರಾಣಿ ಆ ಕಾಲೇಜಿನ ವೈಸ್ ಪ್ರಿನ್ಸಿಪಾಲರು, ನೇರ ಮಾತಿನ ಹೆಂಗಸು. ನಿಮ್ಮ ಮನೆಯ ಹಿರಿಯರು ಆಗುವುದಿಲ್ಲವೆಂದರಲ್ಲ ಎಂದು ಕೇಳಿದರು. ಅವರಿಗೆ ವಿಷಯ ತಿಳಿಯದು, ನಾನು ಬರುತ್ತೇನೆ ಎಂದಳು ರಾಗಿಣಿ.

"ಬರೋದು ಮುಖ್ಯ ಅಲ್ಲ ರಾಗಿಣಿ, ಸೋಮವಾರ ಹತ್ತು ಗಂಟೆಗೆ ರಿಜಿಸ್ಟರಲ್ಲಿ ಸೈನ್ ಬೀಳ್ಬೇಕು. ಇಲ್ಲಾಂದ್ರೆ ಲಿಸ್ಟಲ್ಲಿ ಇನ್ನೊಬ್ಬರು ಕಾಯ್ತಾ ಇದಾರೆ. ನನ್ನ ಕೈಲಿಲ್ಲ."

ಸಂಜೆ ಮಾವನಿಗೆ ವಿಷಯ ಹೇಳಿದಳು. ಚಕ್ರಪಾಣಿ ಸಿಟ್ಟಾಗಲಿಲ್ಲ. ಕೆಂಗೇರಿಯೆಂದರೆ ಅವರಿಗೆ ಇಂದಿಗೂ ಮೈಸೂರು ರೈಲು ಬೆಂಗಳೂರು ಬಿಟ್ಟ ಮೇಲೆ ನಿಲ್ಲುವ ಬೇರೆಯದೇ ಊರು. ಅಷ್ಟು ದೂರ ಯಾಕಮ್ಮ ಎಂದರು, ಇಲ್ಲಿ ನಿನಗೇನು ಕಮ್ಮಿ ಎಂದರು, ನಿನ್ನನ್ನು ಬಿಟ್ಟರೆ ಈ ಮುದುಕನಿಗೆ ಗತಿ ಯಾರು ಎಂದು ತಮಾಷೆ ಮಾಡಿದರು. ತುಂಗಾ ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ, ಅವಳ ಕೈಯನ್ನೇ ದೇವರು ಇಲ್ಲಿಗೆ ಕಳಿಸಿದ್ದು ಎಂದರು. ಬೇಡ ಎಂಬ ಒಂದು ಶಬ್ದ ಬಂದಿದ್ದರೆ ರಾಗಿಣಿ ಅದರ ಜೊತೆ ಜಗಳವಾಡುತ್ತಿದ್ದಳು. ಹತ್ತಿಯ ಗೋಡೆಗೆ ಗುದ್ದಿದರೆ ಕೈಗೆ ನೋವೂ ಆಗುವುದಿಲ್ಲ, ಗೋಡೆ ಬೀಳುವುದೂ ಇಲ್ಲ.

ಗಂಡ ಮಧ್ವೇಶ್ ವಿಮಾ ಕಂಪನಿಯ ಆಫೀಸಿನಿಂದ ಬಂದು ನಡುಮನೆಯಲ್ಲಿ ಕೂತು ರಟ್ಟಿನ ಡಬ್ಬಿ ಮಡಚುತ್ತಿದ್ದ. ಅವನಿಗೆ ಸೋಮವಾರದ ವಿಷಯ ಮೊದಲಿನಿಂದಲೂ ಗೊತ್ತು. ಉಪಾಯ ಕೊಟ್ಟವನೂ ಅವನೇ.

"ಇನ್ನು ನಾಲ್ಕೇ ದಿನ ಕಣೇ. ಶುಕ್ರವಾರದಿಂದ ದ್ವಿದಳ ವ್ರತ. ಕೋಕೋನೂ ದ್ವಿದಳ ಅಂತ ನೀನೇ ಹೇಳ್ತಿದ್ದೆ. ಚಾಕೊಲೇಟು ತಾನಾಗೇ ನಿಲ್ಲುತ್ತೆ. ಆಗ ಅಪ್ಪನ ಹತ್ರ ನಾನು ಮಾತಾಡ್ತೀನಿ."

ಅಷ್ಟು ಹೇಳಿ ಇನ್ನೊಂದು ಡಬ್ಬಿ ಮಡಚಿದ. ರಾಗಿಣಿಗೂ ಅದರಲ್ಲೊಂದು ನ್ಯಾಯ ಕಂಡಿತು. ತಾನು ಯಾರ ಮನಸ್ಸನ್ನೂ ನೋಯಿಸಬೇಕಿಲ್ಲ. ತಾನು ಕಲಿತ ಶಾಸ್ತ್ರವೂ ಅವರು ನಂಬಿದ ಶಾಸ್ತ್ರವೂ ಒಂದೇ ಬೀಜದಲ್ಲಿ ಸೇರಿ, ಬೀಗ ತೆಗೆದ ಹಾಗೆ ಸದ್ದಿಲ್ಲದೆ ತನ್ನನ್ನು ಹೊರಗೆ ಬಿಡುತ್ತವೆ.

ಬುಧವಾರ ಆಯುಧಪೂಜೆ. ಅಂದು ಆಯುಧಗಳಿಗೆಲ್ಲ ವಿರಾಮ. ಮಧ್ವೇಶನ ಸ್ಕೂಟರಿಗೆ ಒಂದು ಮೊಳ ಸೇವಂತಿಗೆ, ಗ್ರೈಂಡರಿಗೆ ಎರಡು ಮೊಳ. ಮೇಲಿನ ಕೋಣೆಯಲ್ಲಿ ತನ್ನ ಪುಸ್ತಕಗಳ ಜೊತೆ ಇದ್ದ ಸೂಕ್ಷ್ಮದರ್ಶಕವನ್ನು ರಾಗಿಣಿ ಒರೆಸಿ ತಂದು ಸಾಲಿನ ಕೊನೆಗಿಟ್ಟಳು. ಮಂಗಳಾರತಿಯ ಹೊತ್ತಿಗೆ ಹೂವು ಮುಗಿದಿತ್ತು. ತುಂಗಾ ಅದರ ಕಣ್ಣಿಗೆ ಪ್ರೀತಿಯಿಂದ ಒಂದು ಬೊಟ್ಟು ಕುಂಕುಮ ಇಟ್ಟರು. ಮಸೂರದೊಳಕ್ಕೆ ಇಳಿದ ಕೆಂಪನ್ನು ಒರೆಸಲು ರಾಗಿಣಿಗೆ ಮಧ್ಯಾಹ್ನವೆಲ್ಲ ಹಿಡಿಯಿತು.

ಗುರುವಾರ ವಿಜಯದಶಮಿಯ ಸಂಜೆ ಚಕ್ರಪಾಣಿ ನಡುಮನೆಯಲ್ಲಿ ಪೇಪರು ಹಾಸಿ, ಎರಡು ಸ್ಟೀಲ್ ತಟ್ಟೆ ಇಟ್ಟುಕೊಂಡು ಕೂತರು. ಪ್ರತಿ ವರ್ಷ ದ್ವಿದಳ ವ್ರತದ ಹಿಂದಿನ ದಿನ ನಡೆಯುವ ಪದ್ಧತಿ ಇದು. ಪಟ್ಟಿ ಅವರಿಗೆ ಬಾಯಿಪಾಠವೇ. ಆದರೂ ಅಡುಗೆಮನೆಯ ಒಂದೊಂದು ಕಾಳನ್ನೂ ಮಣೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಎರಡು ಹೋಳಾದರೆ ಎಡದ ತಟ್ಟೆಗೆ, ಅದು ವರ್ಜ್ಯ. ಆಗದಿದ್ದರೆ ಬಲದ ತಟ್ಟೆಗೆ. ಕಡಲೆ, ಉದ್ದು, ಮೆಂತ್ಯ ಎಡಕ್ಕೆ. ಅಕ್ಕಿ, ರಾಗಿ, ಗೋಧಿ ಬಲಕ್ಕೆ. ಊರೂರಿನ ಕಾಗದಗಳನ್ನು ಗೂಡುಗೂಡಿಗೆ ಎಸೆದ ಕೈ, ಈಗಲೂ ತಪ್ಪುವುದಿಲ್ಲ.

ರಾಗಿಣಿ ಒಂದು ಬಟ್ಟಲು ತಂದು ಮುಂದಿಟ್ಟಳು. ಅದರಲ್ಲಿ ಆರು ಕೋಕೋ ಬೀಜ. ಮೂರು ಒಣಗಿದವು, ಮೂರನ್ನು ನಿನ್ನೆಯೇ ನೆನೆಹಾಕಿದ್ದಳು. ಡಬ್ಬಿ ಮಡಚುತ್ತಿದ್ದ ಮಧ್ವೇಶ್ ಒಮ್ಮೆ ತಲೆಯೆತ್ತಿ ನೋಡಿದ.

"ಮಾವ, ಇದೂ ದ್ವಿದಳ. ನಾಳೆಯಿಂದ ಒಂದು ತಿಂಗಳು ಚಾಕೊಲೇಟು ನಿಲ್ಲಿಸ್ಬೇಕಾಗುತ್ತೆ."

ಚಕ್ರಪಾಣಿ ಗಂಭೀರರಾದರು. ಒಂದು ಒಣ ಬೀಜ ತೆಗೆದು ಸಿಪ್ಪೆ ಬಿಡಿಸಿದರು. ಮಣೆಯ ಮೇಲಿಟ್ಟು ಹೆಬ್ಬೆರಳು ಒತ್ತಿದರು. ಬೀಜ ಪುಡಿಪುಡಿಯಾಯಿತು. ಇನ್ನೊಂದು ಒತ್ತಿದರು, ಅದೂ ಪುಡಿ. ರಾಗಿಣಿ ನೆನೆದ ಬೀಜವೊಂದನ್ನು ತಾನೇ ಎತ್ತಿಕೊಂಡು ಸಿಪ್ಪೆ ಜಾರಿಸಿ, ಉಗುರಿನ ತುದಿಯಿಂದ ಮೆಲ್ಲಗೆ ಬಿಡಿಸತೊಡಗಿದಳು. ಅವರೆಕಾಳಿನ ಹಾಗೆ ಒಂದೇ ಗೆರೆಯಲ್ಲಿ ಬಿರಿಯುವ ಬೀಜವಲ್ಲ ಇದು. ಎರಡು ದಳಗಳು ಹಿಂಡಿದ ಬಟ್ಟೆಯಂತೆ ಒಂದರೊಳಗೊಂದು ಮುದುರಿಕೊಂಡು ಕೂತಿರುತ್ತವೆ. ಮೊಳೆತರೆ ತಾವೇ ಬೇರೆಯಾದಾವು. ಆದರೆ ಹುದುಗು ಬರಿಸಿ ಒಣಗಿಸಿದ ಬೀಜ ಇನ್ನೆಲ್ಲಿ ಮೊಳೆಯಬೇಕು? ಅವಳ ಬೆರಳುಗಳ ನಡುವೆ ಅದು ಮಡಿಕೆ ಮಡಿಕೆಯಾಗಿ ಮುರಿದು ತಟ್ಟೆಗೆ ಉದುರಿತು.

"ಎಲ್ಲಮ್ಮ ಎರಡಾಯ್ತು?"

"ಒಳಗೆ ಎರಡೇ ಇರೋದು ಮಾವ. ಮುದುರಿಕೊಂಡಿರೋದಕ್ಕೆ ಬಿಡಿಸೋಕೆ ಬರ್ತಿಲ್ಲ. ನಾನು ಇದನ್ನ ಪಾಠ ಮಾಡಿದೀನಿ."

"ಪುಸ್ತಕದಲ್ಲಿ ಎರಡಿರಬಹುದು. ತಟ್ಟೇಲಿ ನೋಡು, ಇಪ್ಪತ್ತಾಗಿದೆ."

ತುಂಗಾ ಸೆರಗು ಬಾಯಿಗೆ ಹಿಡಿದು ನಕ್ಕರು. ರಾಗಿಣಿ ಸೋಲಲಿಲ್ಲ. ಈ ವ್ರತದಲ್ಲಿ ಬಹಳ ಬೀಜದ ಹಣ್ಣೂ ವರ್ಜ್ಯವಲ್ಲವೇ, ಕೋಕೋ ಕಾಯಿಯೊಂದರಲ್ಲಿ ನಲವತ್ತು ಬೀಜ ಇರುತ್ತವೆ ಎಂದಳು. ಚಕ್ರಪಾಣಿ ಆ ಮಾತನ್ನೂ ತೂಗಿ ನೋಡಿದರು. ಕಾಯಿ ಪುತ್ತೂರಿನಲ್ಲೇ ಉಳಿಯಿತು, ಈ ಮನೆಯ ಹೊಸ್ತಿಲು ದಾಟಿದ್ದು ಬರೀ ಬೀಜ ಎಂದು ತೀರ್ಪು ಕೊಟ್ಟರು. ರಾಗಿಣಿ ಗಂಡನ ಕಡೆ ತಿರುಗಿದಳು. ಮಾತಾಡುತ್ತೇನೆ ಎಂದಿದ್ದವನು ಡಬ್ಬಿಯ ಮೂಲೆಯೊಂದನ್ನು ಮತ್ತೆ ಮತ್ತೆ ನೇವರಿಸುತ್ತಿದ್ದ.

ಅವಳ ಮುಖ ಬಾಡಿದ್ದನ್ನು ಚಕ್ರಪಾಣಿ ಗಮನಿಸಿದರು. ಗಮನಿಸದೆ ಇರುವ ಮನುಷ್ಯರಲ್ಲ ಅವರು.

"ಹೆದರ್ಕೋಬೇಡಮ್ಮ. ಒಂದು ತಿಂಗಳು ನಿಂತುಹೋಗುತ್ತಲ್ಲ ಅಂತ ತಾನೆ ನಿನ್ನ ಚಿಂತೆ? ನಿಲ್ಲಲ್ಲ. ಬಾದಾಮಿ ಒಂದು ಬಿಡು, ಅದು ಎರಡಾಗುತ್ತೆ. ಮಿಕ್ಕಿದ್ದೆಲ್ಲ ಸಲ್ಲುತ್ತೆ."

ಎಂದವರೇ ಪಟ್ಟಿಯ ಬಲಗಡೆ, ರಾಗಿಯ ಕೆಳಗೆ, ದುಂಡು ಅಕ್ಷರದಲ್ಲಿ ಕೋಕೋ ಎಂದು ಬರೆದರು. ತುಂಗಾ ಆಗಲೇ ಮಂಡಳಿಯ ಹೆಂಗಸರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡತೊಡಗಿದ್ದರು. ಕಾಳಿಲ್ಲದ ತಿಂಗಳಲ್ಲೂ ಸಿಹಿಯುಂಟು ಎಂದು ಕೇಳಿ ಆ ಕಡೆ ಯಾರೋ ಸಂತೋಷದಿಂದ ಕೂಗಿದ್ದು ಫೋನಿನಾಚೆಗೂ ಕೇಳಿಸಿತು. ಎಂಟು ಜನರಿಗೆ ಮುಗಿಯುವಷ್ಟರಲ್ಲಿ ಐವತ್ತೆರಡು ಡಬ್ಬಿಯಾಗಿತ್ತು.

ಆಮೇಲೆ, ಪಾತ್ರೆ ತೊಳೆಯುವ ಕಡೆ ಇಬ್ಬರೇ ಇದ್ದಾಗ, ಯಾಕೆ ಸುಮ್ಮನಿದ್ದೆ ಎಂದು ರಾಗಿಣಿ ಕೇಳಿದಳು. ಅಪ್ಪನ ಮುಖ ನೋಡಿದೆಯಲ್ಲ, ಹೇಗೆ ಹೇಳಲಿ ಎಂದ ಮಧ್ವೇಶ್. ಭಾನುವಾರದೊಳಗೆ ಏನಾದರೂ ಮಾಡುತ್ತೇನೆ, ನಿನಗೊಂದು ಒಳ್ಳೆಯದೇ ಮಾಡುತ್ತೇನೆ ಎಂದೂ ಹೇಳಿದ. ಅವನು ಸುಳ್ಳು ಹೇಳುವವನಲ್ಲ.

ಶುಕ್ರವಾರ ಏಕಾದಶಿಯ ಉಪವಾಸದಲ್ಲಿ ಗ್ರೈಂಡರು ಐದು ಗಂಟೆ ತಿರುಗಿತು. ಶನಿವಾರ ದ್ವಾದಶಿ. ಬೆಳಗಾಗುತ್ತಲೇ ಪಾರಣೆ ಮುಗಿಸಿ ರಾಗಿಣಿ ಮತ್ತೆ ಒಲೆಯ ಮುಂದೆ, ಮಡಿಯಲ್ಲಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟ ಇನ್ನೊಂದು ಪಾತ್ರೆಯನ್ನು ತಿರುವುತ್ತ ನಿಂತಿದ್ದಳು. ಐವತ್ತೆರಡು ಡಬ್ಬಿಯ ಕಪ್ಪು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳ ಮುಖ ಅದರಲ್ಲಿ ಕಾಣುತ್ತಿತ್ತು, ಸೌಟು ಬಂದಾಗ ಒಡೆಯುತ್ತಿತ್ತು, ಮತ್ತೆ ಕೂಡುತ್ತಿತ್ತು.

ತುಂಗಾ ದೇವರ ಮನೆಯಿಂದ ಬಂದರು. ಅವರ ತಲೆಯಲ್ಲಿ ಒಂದು ಸಂಶಯ ಹೊಕ್ಕಿತ್ತು. ಈ ಸಲದ ಬೀಜದ ಮೂಟೆ ಬಸ್ಸಿನಲ್ಲಿ ಪಾರ್ಸಲಾಗಿ ಬಂದದ್ದು. ಯಾರ ಕಾಲ ಕೆಳಗಿತ್ತೋ, ಏನಕ್ಕೆ ತಾಗಿತ್ತೋ. ಬೇರೆ ತಿಂಗಳಾದರೆ ಸರಿ, ವ್ರತದ ಮೊದಲ ನೈವೇದ್ಯ, ಮನೆಮನೆಗೆ ಹೋಗುವಂಥದ್ದು. ಇದನ್ನು ಅವರು ಹೇಳುತ್ತಲೇ, ಕೈಯಲ್ಲಿದ್ದ ಬೆಳ್ಳಿಯ ಪಂಚಪಾತ್ರೆಯಲ್ಲಿ ತುಳಸಿ ದಳ ಅದ್ದಿದರು.

ಪ್ರೋಕ್ಷಣೆ. ನಾಲ್ಕು ಹನಿ ನೀರು ಬಿದ್ದರೆ ಯಾವ ಮೈಲಿಗೆಯೂ ಕಳೆಯುತ್ತದೆ. ಅನ್ನಕ್ಕೆ ಚಿಮುಕಿಸುತ್ತಾರೆ, ಹಣ್ಣಿಗೆ, ಸಾರಿಗೆ, ಹೊಸ ಬಟ್ಟೆಗೆ ಚಿಮುಕಿಸುತ್ತಾರೆ. ಕರಗಿದ ಚಾಕೊಲೇಟಿಗೆ ಮಾತ್ರ ನೀರಿನಂಥ ವೈರಿ ಇನ್ನೊಂದಿಲ್ಲ. ಒಣ ಪುಡಿಯೂ ಎಣ್ಣೆಯೂ ಹದವಾಗಿ ಬೆರೆತಿರುವಾಗ ನಾಲ್ಕೇ ಹನಿ ಬಿದ್ದರೂ ಪುಡಿಯೆಲ್ಲ ನೀರಿಗೆ ಅಂಟಿಕೊಂಡು ಹೆಪ್ಪುಗಟ್ಟುತ್ತದೆ. ರಾಗಿಣಿ ಅತ್ತೆಯ ಕೈ ಏಳುವುದನ್ನು ಕಂಡಳು. ತುಳಸಿಯ ತುದಿಯಲ್ಲಿ ಹನಿ ದುಂಡಗಾಗುವುದನ್ನು ಕಂಡಳು. ಬೇಡ ಅತ್ತೆ ಎಂದು ಹೇಳಲು ಬೇಕಾದಷ್ಟು ಸಮಯವಿತ್ತು. ಹೇಳಲಿಲ್ಲ.

ಹನಿಗಳು ಬಿದ್ದವು. ಎರಡು ಸುತ್ತು ತಿರುವುವಷ್ಟರಲ್ಲಿ ಕನ್ನಡಿ ಸತ್ತಿತು. ಮೂರನೆಯ ಸುತ್ತಿಗೆ ಸೌಟು ಕೆಸರಿನಲ್ಲಿ ಹೂತಂತೆ ನಿಂತಿತು. ತುಂಗಾ ಬಗ್ಗಿ ನೋಡಿದರು. ಪಾತ್ರೆಯಲ್ಲಿದ್ದದ್ದು ಕಲ್ಲುಮಣ್ಣಿನ ಮುದ್ದೆ. ಒಂದು ಉಸಿರಿನಷ್ಟು ಹೊತ್ತು ರಾಗಿಣಿಗೆ ಹಗುರವೆನಿಸಿತು. ಮರುಗಳಿಗೆ ಅತ್ತೆಯ ಮುಖ ನೋಡಿ ಸೌಟು ಬಿಟ್ಟಳು. ತುಂಗಾ ಅಳುತ್ತಿದ್ದರು. ತಮ್ಮ ಕೈಯಲ್ಲೇ ದೋಷವಿರಬೇಕು, ತೀರ್ಥ ಬಿದ್ದ ಪದಾರ್ಥ ಮಣ್ಣಾಗುವುದೆಂದರೇನು, ಇದು ಯಾವುದರ ಸೂಚನೆ ಎಂದು ಹಲುಬುತ್ತಿದ್ದರು. ದೋಷವಲ್ಲ, ನೀರು ಬಿದ್ದರೆ ಹೀಗೇ ಆಗುತ್ತದೆ, ಇದು ಬರೀ ನೀರಿನ ಗುಣ ಎಂದು ರಾಗಿಣಿ ಹತ್ತು ಸಲ ಹೇಳಬೇಕಾಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅತ್ತೆ ಕೇಳಲಿಲ್ಲ. ಕೇಳುವುದು ಅವರಿಗೆ ಹೊಳೆಯಲೂ ಇಲ್ಲ.

ಅತ್ತು ಮುಗಿದ ಮೇಲೆ ತುಂಗಾ ಒಂದು ತೀರ್ಮಾನಕ್ಕೆ ಬಂದರು.

"ನಮ್ಮದೇ ತಪ್ಪು. ಇಷ್ಟು ನಾಜೂಕಿನ ಕೆಲಸ ಮಾಡೋಳನ್ನ ಎಲ್ಲರೂ ಓಡಾಡೋ ಅಡುಗೆಮನೇಲಿ ನಿಲ್ಲಿಸಿದೀವಿ. ನೀನಿರೋ ಕಡೆಗೆ ನಾವ್ಯಾರೂ ಬರಲೇಬಾರದು."

ಅಳು ಕೇಳಿ ಹೊಸ್ತಿಲಿಗೆ ಬಂದಿದ್ದ ಮಧ್ವೇಶನೂ ಅವನ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಾನುವಾರ ಬೆಳಗ್ಗೆ ರಾಗಿಣಿ ತಿಳಿನೀಲಿ ಕಾಟನ್ ಸೀರೆಯೊಂದನ್ನು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದಳು. ನಾಳೆ ಏನೇ ಆಗಲಿ, ಯಾರೇ ಅಳಲಿ, ಎಂಟೂಮುಕ್ಕಾಲಿಗೆ ಹೊಸ್ತಿಲು ದಾಟುವುದು ಎಂದು ನಿಶ್ಚಯ ಮಾಡಿಕೊಂಡಿದ್ದಳು. ಮೂಲ ಪ್ರಮಾಣಪತ್ರಗಳ ಫೈಲು ಮೇಲಿನ ಕೋಣೆಯಲ್ಲಿತ್ತು. ತರಲು ಹೊರಟ ಅವಳನ್ನು ಮಧ್ವೇಶ್ ಮೆಟ್ಟಿಲಲ್ಲೇ ತಡೆದ. ಸಂಜೆ ತನಕ ಮೇಲೆ ಬರಬೇಡ, ಒಂದು ಸರ್‌ಪ್ರೈಸ್ ಇದೆ ಎಂದ. ಅವನ ಕೂದಲಲ್ಲಿ ಸುಣ್ಣದ ಪುಡಿಯಿತ್ತು. ಒಳಗೆ ಯಾರೋ ಗೋಡೆಗೆ ಡ್ರಿಲ್ಲಿಂಗ್ ಮಾಡುತ್ತಿದ್ದರು. ಫೈಲು ಎಂದಳು. ಭದ್ರವಾಗಿದೆ ಎಂದ. ತುಂಗಾ ಅವಳನ್ನು ಮಠಕ್ಕೆಂದು ಕರೆದುಕೊಂಡು ಹೋದರು, ಅಲ್ಲಿಂದ ಯಾರದೋ ಮನೆಯ ಕುಂಕುಮಕ್ಕೆ, ಅಲ್ಲಿಂದ ಇನ್ನೊಂದು ಮನೆಗೆ. ಹೋದ ಕಡೆಯಲ್ಲೆಲ್ಲ ಹೆಂಗಸರು ಅವಳನ್ನು ನೋಡಿ ಏನೋ ತಿಳಿದವರಂತೆ ನಗುತ್ತಿದ್ದರು.

ನಾಲ್ಕೂವರೆಗೆ ವಾಪಸು ಬಂದಾಗ ಎಲ್ಲರೂ ಸೇರಿ ಅವಳನ್ನು ಮೇಲಕ್ಕೆ ಕರೆದೊಯ್ದರು. ಬಾಗಿಲಿಗೆ ಮಾವಿನ ತೋರಣ. ಒಳಗೆ ಅವಳ ಕೋಣೆ ಇರಲಿಲ್ಲ. ಪುಸ್ತಕದ ಕಪಾಟಿದ್ದ ಗೋಡೆಯುದ್ದಕ್ಕೂ ಕರಿ ಗ್ರಾನೈಟಿನ ಕಟ್ಟೆ. ಮೇಜಿದ್ದ ಕಡೆ ಎರಡು ಕಲ್ಲಿನ ದೊಡ್ಡ ಗ್ರೈಂಡರು, ಒಂದೇ ಸಲಕ್ಕೆ ಇನ್ನೂರು ಡಬ್ಬಿಗೆ ಸಾಕಾಗುವಂಥದ್ದು. ಮೂಲೆಯಲ್ಲಿ ಮಡಿ ಸೀರೆಗೆಂದು ಹೊಸ ಗಳು. ಮೇಲೆ ಏಸಿ, ಇಡೀ ಮನೆಗೆ ಮೊದಲನೆಯದು. ಏಸಿಯ ತಂಪು ಸೋರಬಾರದೆಂದು, ಪಕ್ಕದ ಮನೆಯ ಸಂಪಿಗೆ ಮರ ಕಾಣುತ್ತಿದ್ದ ಕಿಟಕಿಗೆ ಪ್ಲೈವುಡ್ ಬಡಿದು, ಅಂಚಿಗೆಲ್ಲ ಅಂಟು ಹಚ್ಚಿ ಮುಚ್ಚಿದ್ದರು. ಕಟ್ಟೆಯ ಮೇಲೆ ದುಂಡಗಿನ ಸ್ಪೀಕರು. ಮಡಿಯಲ್ಲಿರುವಾಗ ಫೋನು ಬಂದರೆ ಮುಟ್ಟುವುದೇ ಬೇಡ, ಬಾಯಲ್ಲಿ ಹೇಳಿದರೆ ಸಾಕು, ಅದೇ ಎತ್ತುತ್ತದೆ ಎಂದು ಮಧ್ವೇಶ್ ತೋರಿಸಿಕೊಟ್ಟ. ಅವತ್ತಿನ ಫೋನಿನ ವಿಷಯ ಅಪ್ಪ ಹೇಳಿದಾಗಲೇ ಅಂದುಕೊಂಡೆ ಎಂದ. ಅವನ ಕಣ್ಣಲ್ಲಿ ನಿಜವಾದ ಸಂತೋಷವಿತ್ತು.

ರಾಗಿಣಿ ತನ್ನ ಸಾಮಾನು ಎಲ್ಲಿ ಎಂದು ಕೇಳಿದಳು. ಅಟ್ಟದಲ್ಲಿ, ಎಲ್ಲ ಗೋಣಿಚೀಲದಲ್ಲಿ ಕಟ್ಟಿ ಜೋಪಾನವಾಗಿ ಇಟ್ಟಿದ್ದೇವೆ ಎಂದರು. ಫೈಲು? ಅದೂ ಅಲ್ಲೇ, ಯಾವುದೋ ಒಂದು ಚೀಲದಲ್ಲಿ. ಸೂಕ್ಷ್ಮದರ್ಶಕ? ಅದೂ.

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮುಹೂರ್ತ," ಎಂದರು ಚಕ್ರಪಾಣಿ. "ಪಂಚಾಂಗ ನೋಡಿದೆ, ಹತ್ತೇ ಪ್ರಶಸ್ತ. ಮಂಡಳಿಯವರೆಲ್ಲ ಬರ್ತಾರೆ. ಆ ಕೆಂಗೇರಿ ಮೇಡಂಗೂ ಒಂದು ಡಬ್ಬಿ ಕಳ್ಸೋಣ, ಪಾಪ, ನಿನ್ನನ್ನ ಬಾಯ್ಬಿಟ್ಟು ಕೇಳಿದ್ರು."

ತುಂಗಾ ಕೆಳಗಿನಿಂದ ಬೆಳ್ಳಿಯ ತಟ್ಟೆ ತಂದರು. ಎಲೆ, ಅಡಿಕೆ, ತೆಂಗಿನಕಾಯಿ, ಹೂವು, ಹೊಸ ರವಿಕೆ ಕಣ. ಎಲ್ಲದರ ಮೇಲೆ, ಅರಿಶಿನ ಕುಂಕುಮ ಹಚ್ಚಿದ ಬೀಗದ ಕೈ. ರಾಗಿಣಿಯ ಹಣೆಗೆ ಕುಂಕುಮವಿಟ್ಟು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಇದು ನಿನ್ನದೇ ಕೋಣೆ, ಇನ್ನು ನಿನ್ನ ಕೆಲಸಕ್ಕೆ ಯಾರ ನೆರಳೂ ಅಡ್ಡ ಬರುವುದಿಲ್ಲ ಎಂದರು.

ತಾಂಬೂಲವನ್ನು ಯಾರೂ ಒಲ್ಲೆನೆನ್ನುವುದಿಲ್ಲ. ಮಾತು ಬಿಟ್ಟವರ ಮನೆಯಲ್ಲೂ ತಟ್ಟೆ ಮುಂದೆ ಬಂದರೆ ಒಂದು ಅಡಿಕೆಯನ್ನಾದರೂ ಎತ್ತಿಕೊಂಡು ಕಣ್ಣಿಗೊತ್ತಿಕೊಳ್ಳುತ್ತಾರೆ. ಆ ಮನೆಯಲ್ಲಿ ಚಾಚಿದ ತಟ್ಟೆ ತುಂಬಿದ ಹಾಗೇ ಹಿಂದಕ್ಕೆ ಹೋದದ್ದು ಚಕ್ರಪಾಣಿಯವರಿಗಾಗಲಿ, ಅವರ ತಾಯಿಗಾಗಲಿ ನೆನಪಿರಲಾರದು. ಏಸಿ ಸದ್ದಿಲ್ಲದೆ ತಂಪು ಸುರಿಯುತ್ತಿತ್ತು. ರಾಗಿಣಿಯ ಕೈಗಳು ಪಕ್ಕದಲ್ಲೇ ಇದ್ದವು. ತುಂಗಾ ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿದರು, ನಾಚಿಕೆಯಿರಬೇಕೆಂದುಕೊಂಡು.

"ತಗೋಮ್ಮ."

"ಬೇಡ."

"ಏನೇ ಅದು ಬೇಡ?" ಎಂದ ಮಧ್ವೇಶ್, ನಗುತ್ತಲೇ.

"ಬೀಗದ ಕೈ ಬೇಡ. ಈ ರೂಮೂ ಬೇಡ," ಎಂದಳು ರಾಗಿಣಿ. "ತಟ್ಟೇಲಿರೋದು ಯಾವುದೂ ನನಗೆ ಬೇಡ."